ಜಪಾನಿ ಮರದಚ್ಚಿನಲ್ಲಿ ಹಿಮದ ಬೆಟ್ಟ: ಕರಡಿನಿಂದ ಕೊನೆಯ ಒತ್ತಿನವರೆಗೆ

ಜಪಾನಿನ ಹಳೆಯ ಮರದಚ್ಚು ಚಿತ್ರಗಳಲ್ಲಿ ಕಾಣುವ ಹಿಮ ಬಹುಪಾಲು ಬರೀ ಕಾಗದ. ಬೆಟ್ಟದ ಮೈ, ಮನೆಯ ಸೂರು, ಪೈನ್ ಮರದ ಕೊಂಬೆ, ಎಲ್ಲೆಲ್ಲಿ ಹಿಮ ಕೂತಿದೆಯೋ ಅಲ್ಲಿ ಅಚ್ಚು ಹಾಕುವವನು ಏನೂ ಒತ್ತಿಲ್ಲ. ಸುತ್ತಲಿನ ನೀಲಿ, ಬೂದು, ಕಪ್ಪು ಸೇರಿ ಆ ಖಾಲಿ ಜಾಗವನ್ನು ಹಿಮ ಮಾಡಿವೆ. ಹಾಗಾಗಿ ಇಂಥ ಅಚ್ಚು ಮಾಡಲು ಕೂತವರು ಮೊದಲು ತೀರ್ಮಾನಿಸಬೇಕಾದ್ದು ಎಲ್ಲೆಲ್ಲಿ ಏನೂ ಮಾಡಬಾರದು ಅನ್ನುವುದನ್ನು. ಇದನ್ನು ಕಾಗದದ ಮೇಲೇ ಇತ್ಯರ್ಥ ಮಾಡಿಕೊಳ್ಳದೆ ಉಳಿ ಹಿಡಿದರೆ ಹಲಗೆ ದಂಡ.

ಈ ಮಾರ್ಗದರ್ಶಿಯಲ್ಲಿ 18 × 26 ಸೆಂ.ಮೀ. ಅಳತೆಯ ಒಂದು ಅಡ್ಡ ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ಮಾಡೋಣ. ಸಂಜೆ ಹೊತ್ತಿನ ಹಿಮದ ಶಿಖರ, ಅದರ ತಪ್ಪಲಲ್ಲಿ ಪೈನ್ ಕಾಡು, ಮೂಲೆಯಲ್ಲಿ ಒಂದೆರಡು ಮನೆ. ಮೂರು ಹಲಗೆ ಸಾಕು, ಎರಡೂ ಮಗ್ಗುಲಲ್ಲಿ ಕೆತ್ತುತ್ತೇವೆ. ಒಂದು ಕಾಗದಕ್ಕೆ ಸುಮಾರು ಹತ್ತು ಸಲ ಒತ್ತು ಬೀಳುತ್ತದೆ. 20ನೇ ಶತಮಾನದ ಜಪಾನಿ ಅಚ್ಚು ಕಲಾವಿದ ಯೋಶಿದಾ ಹಿರೋಶಿ 1937ರಲ್ಲಿ ನಿಕ್ಕೋ ಊರಿನ ಯೋಮೆಯ್ ದ್ವಾರದ ಚಿತ್ರಕ್ಕೆ 90ಕ್ಕೂ ಹೆಚ್ಚು ಸಲ ಒತ್ತಿದ್ದರು. ಅದಕ್ಕೆ ಹೋಲಿಸಿದರೆ ನಮ್ಮದು ಏನೂ ಅಲ್ಲ. ವಾರಾಂತ್ಯಗಳಲ್ಲಿ ಕೂತು ಮಾಡಿದರೆ ಒಂದು ತಿಂಗಳ ಕೆಲಸ ಅಂದುಕೊಳ್ಳಿ.

ಮೊದಲು ನೋಡಿ

ಪೆನ್ಸಿಲ್ ಹಿಡಿಯುವ ಮುಂಚೆ ಒಂದು ಸಂಜೆ ಸುಮ್ನೆ ಚಿತ್ರ ನೋಡುತ್ತ ಕೂರಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ಮುಂತಾದ ಕಡೆ ಜಪಾನಿ ಅಚ್ಚುಗಳ ದೊಡ್ಡ ಫೋಟೊಗಳು ಆನ್‌ಲೈನಲ್ಲಿ ಉಚಿತವಾಗಿ ಸಿಗುತ್ತವೆ. ಜೂಮ್ ಮಾಡಿ ಕಾಗದದ ಎಳೆ ಕಾಣುವಷ್ಟು ಹತ್ತಿರ ಹೋಗಿ.

19ನೇ ಶತಮಾನದ ಕಲಾವಿದ ಹಿರೋಶಿಗೆಯ 'ಕನ್‌ಬಾರಾ' ಇಂದ ಶುರು ಮಾಡಿ. ಟೋಕೈಡೊ ಹೆದ್ದಾರಿಯ 53 ತಂಗುದಾಣಗಳ ಸರಣಿಯದು, 1833–34ರ ಸುಮಾರಿನದು. ರಾತ್ರಿ, ಹಿಮ ಹೊದ್ದ ಊರು, ಬಾಗಿ ನಡೆಯುತ್ತಿರುವ ಮೂವರು. ತಮಾಷೆ ಏನೆಂದರೆ, ಕನ್‌ಬಾರಾ ಇರುವುದು ಶಿಜುವೋಕಾದ ಬೆಚ್ಚನೆಯ ಕರಾವಳಿಯಲ್ಲಿ. ಅಲ್ಲಿ ಇಷ್ಟು ಹಿಮ ಬೀಳುವುದೇ ಇಲ್ಲ. ನಮಗೆ ಮುಖ್ಯವಾದದ್ದು ಬೇರೆ: ಈ ಚಿತ್ರದ ಪ್ರತಿಗಳಲ್ಲಿ ಎರಡು ಬಗೆಯ ಆಕಾಶ ಇದೆ. ಕೆಲವದರಲ್ಲಿ ಕಪ್ಪು ಮೇಲಂಚಿನಿಂದ ಶುರುವಾಗಿ ಕೆಳಗೆ ತಿಳಿಯಾಗುತ್ತದೆ. ಇನ್ನು ಕೆಲವದರಲ್ಲಿ ಕೆಳಗೆ, ಊರಿನ ಬೆನ್ನಿಗೆ ಕಪ್ಪು ಗಟ್ಟಿಯಾಗಿದ್ದು ಮೇಲಕ್ಕೆ ಕರಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಪ್ಪು ಬೆನ್ನಿಗಿದ್ದಾಗ ಹಿಮ ಎದ್ದು ಹೊಳೆಯುತ್ತದೆ, ಮೇಲಿದ್ದಾಗ ಇಡೀ ಊರಿನ ಮೇಲೆ ರಾತ್ರಿ ಇಳಿದ ಹಾಗಿರುತ್ತದೆ. ಹಲಗೆ ಅದೇ, ಬದಲಾದದ್ದು ಬ್ರಶ್ಶಿನ ಕೈವಾಡ.

ಆಮೇಲೆ ಅದೇ ಹಿರೋಶಿಗೆ 1857ರಲ್ಲಿ ಮಾಡಿದ ಕಿಸೊ ದಾರಿಯ ಬೆಟ್ಟ-ನದಿಗಳ ಚಿತ್ರ. ಮೂರು ಹಾಳೆ ಜೋಡಿಸಿದ ಉದ್ದನೆಯ ನೋಟ, ಬರೀ ಹಿಮದ ಬೆಟ್ಟಗಳು, ನಡುವೆ ನೀಲಿ ನದಿ. ಎಷ್ಟು ಕಡಿಮೆ ಗೆರೆಯಲ್ಲಿ ಎಷ್ಟು ದೊಡ್ಡ ಬೆಟ್ಟ ನಿಲ್ಲಿಸಿದ್ದಾನೆ ನೋಡಿ. ನನ್ನ ಮಟ್ಟಿಗೆ ಹಿಮದ ಬೆಟ್ಟಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಹಿರೋಶಿಗೆಯ ಕಾಲದವನೇ ಆದ ಹೊಕುಸಾಯ್ ಮಾಡಿದ ಫೂಜಿ ಬೆಟ್ಟದ ಸರಣಿಯ 'ಕೆಂಪು ಫೂಜಿ'ಯಲ್ಲಿ ತುದಿಯ ಹಿಮ ನಾಲ್ಕಾರು ಬಿಳಿ ಸೀಳು ಮಾತ್ರ. ಹಿಮ ಸ್ವಲ್ಪವೇ ಇದ್ದಾಗ ಹೇಗೆ ಎಂಬುದಕ್ಕೆ ಅದನ್ನು ನೋಡಿ. 20ನೇ ಶತಮಾನಕ್ಕೆ ಬಂದರೆ ಕವಾಸೆ ಹಸುಯಿ ಇದ್ದಾನೆ. 1925ರ 'ಶಿಬಾದ ಜೋಜೋಜಿ ದೇಗುಲ' ಚಿತ್ರದಲ್ಲಿ ಕೆಂಪು ಕಟ್ಟಡದ ಮುಂದೆ ಓರೆಯಾಗಿ ಬೀಳುವ ಹಿಮ, ಕೊಡೆ ಹಿಡಿದ ಹೆಂಗಸು. ಬೀಳುವ ಹಿಮಕ್ಕೆ ಅದು ಮಾದರಿ.

ಕೊನೆಯದಾಗಿ ಯೋಶಿದಾ ಹಿರೋಶಿ. ಈತ ನಿಜವಾಗಿ ಬೆಟ್ಟ ಹತ್ತುತ್ತಿದ್ದ ಮನುಷ್ಯ. 1926ರಲ್ಲಿ ಜಪಾನಿನ ಆಲ್ಪ್ಸ್ ಬೆಟ್ಟಗಳ ಸರಣಿ ಮಾಡಿದ. ಮಗನ ಜೊತೆ ನಮ್ಮ ದೇಶಕ್ಕೂ ಬಂದು ಹೋಗಿ, 1931ರಲ್ಲಿ ತಾಜ್‌ಮಹಲ್, ಕಾಶಿ, ಮಧುರೆ, ಎಲ್ಲೋರಾಗಳ ಜೊತೆಗೆ ಬೆಳಗಿನ ಕಾಂಚನಜುಂಗಾವನ್ನೂ ಅಚ್ಚು ಹಾಕಿದ. ಜಪಾನಿನ ಮರದಚ್ಚಿನಲ್ಲಿ ಹಿಮಾಲಯ! ಇವನ ಬೆಟ್ಟಗಳಲ್ಲಿ ಕಪ್ಪು ಗೆರೆ ಹುಡುಕಿದರೂ ಸುಲಭಕ್ಕೆ ಸಿಗುವುದಿಲ್ಲ. ಎಲ್ಲ ನೆರಳಲ್ಲೇ ನಿಂತಿರುತ್ತದೆ.

ಕರಡು: ಬಿಳಿಯನ್ನು ಮೊದಲು ಕಾಯ್ದಿರಿಸಿ

ಬಿಳಿ ಹಾಳೆಯ ಬದಲು ನಡುಬೂದು ಬಣ್ಣದ ಹಾಳೆ ತೆಗೆದುಕೊಳ್ಳಿ. ಅದರ ಮೇಲೆ ಬಿಳಿ ಪೆನ್ಸಿಲಿನಿಂದ ಹಿಮ ಇರುವ ಜಾಗ ಮಾತ್ರ ತುಂಬಿ. ಹೀಗೆ ಮಾಡಿದರೆ ಕಣ್ಣು ತಾನಾಗೇ ಹಿಮದ ಆಕಾರ ಹುಡುಕುತ್ತದೆ. ಬಿಳಿ ಹಾಳೆಯಲ್ಲಿ ಬರೆದರೆ ಕೈ ಮರ, ಬಂಡೆ, ಮನೆ ಅಂತ ವಸ್ತುಗಳ ಹಿಂದೆ ಹೋಗುತ್ತದೆ. ಹಿಮ ಉಳಿದ ಜಾಗವಾಗಿ ಬಿಡುತ್ತದೆ.

ಬಿಳಿ ಒಟ್ಟು ಚಿತ್ರದ ಅರ್ಧದ ಹತ್ತಿರ ಇರಲಿ. ಅದು ಎಲ್ಲ ಕಡೆ ಚದುರಿರಬಾರದು. ಒಂದು ದೊಡ್ಡ ಬಿಳಿ (ಶಿಖರದ ಮೈ), ಒಂದೆರಡು ಮಧ್ಯಮ (ಕಣಿವೆ, ಸೂರು), ಉಳಿದದ್ದು ಚೂರುಪಾರು (ಕೊಂಬೆಗಳ ಮೇಲಿನದು). ಬೆಳಕು ಎಡದಿಂದ ಬರುತ್ತಿದೆ ಅಂದುಕೊಳ್ಳೋಣ. ಶಿಖರದ ಎಡ ಮಗ್ಗುಲು ಪೂರ್ತಿ ಖಾಲಿ. ಬಲ ಮಗ್ಗುಲಿಗೆ ತಿಳಿ ನೆರಳು. ಹಿಮ ನಿಲ್ಲದ ಕಡಿದಾದ ಜಾಗದಲ್ಲಿ ಬಂಡೆ. ಬಂಡೆಗಳನ್ನು ಇಳಿಜಾರಿನ ದಿಕ್ಕಿಗೇ ಬರೆಯಿರಿ. ಅಡ್ಡಡ್ಡ ಬರೆದರೆ ಬೆಟ್ಟ ಮೆಟ್ಟಿಲಿನ ಹಾಗೆ ಕಾಣುತ್ತದೆ.

ಕರಡು ಒಪ್ಪಿಗೆಯಾದ ಮೇಲೆ ಬಣ್ಣಗಳನ್ನು ಬಿಡಿಸಿ ಬರೆದುಕೊಳ್ಳಿ. ನಮ್ಮ ಆರು ಮಗ್ಗುಲುಗಳು ಹೀಗೆ:

1. ಗೆರೆ. ಮನೆ, ಮರದ ಕಾಂಡ, ಶಿಖರದ ಎಡ ಅಂಚಿನ ಒಂದು ತುಂಡು. ಇಷ್ಟೇ.
2. ತಿಳಿ ನೆರಳು. ಬೆಟ್ಟದ ಬಲ ಮಗ್ಗುಲು, ಕಣಿವೆಯ ಮಡಿಕೆಗಳು.
3. ಬಂಡೆ, ಮನೆಯ ಗೋಡೆ.
4. ಪೈನ್ ಕಾಡು.
5. ಆಕಾಶ.
6. ಬಣ್ಣ ಇಲ್ಲದ ಉಬ್ಬು ಒತ್ತು. ಮುಂದೆ ಹೇಳುತ್ತೇನೆ.

ಸಾಮಾನು

ಹಲಗೆ: ಎಡೋ ಕಾಲದ (17–19ನೇ ಶತಮಾನದ) ಕೆತ್ತನೆಗಾರರು ಬಳಸುತ್ತಿದ್ದದ್ದು ಬೆಟ್ಟದ ಚೆರ್ರಿ ಮರ. ಗಟ್ಟಿ, ನಯ, ಕೂದಲೆಳೆ ಗೆರೆಯೂ ನಿಲ್ಲುತ್ತದೆ. ಈಗ ಜಪಾನಿನಲ್ಲೇ ಕಲಿಯುವವರು ಶೀನಾ ಎಂಬ ಮೆದು ಮರದ ಪ್ಲೈವುಡ್ ಬಳಸುತ್ತಾರೆ. ಅದು ಸಿಗದಿದ್ದರೆ ಬರ್ಚ್ ಪ್ಲೈವುಡ್, 6 ಮಿ.ಮೀ. ದಪ್ಪದ್ದು ಆನ್‌ಲೈನಲ್ಲಿ ತರಿಸಿ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಪ್ಲೈವುಡ್ ಒರಟು, ಗೆರೆ ಚಕ್ಕೆ ಏಳುತ್ತದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡವೇ ಬೇಡ. ಇಲ್ಲಿ ಎಲ್ಲ ನೀರಿನ ಕೆಲಸ, ಅದು ಉಬ್ಬಿಕೊಳ್ಳುತ್ತದೆ.

ಕಾಗದ: ಕೋಜೊ ಎಂಬ ಗಿಡದ ನಾರಿನ ಜಪಾನಿ ಕಾಗದ, ಅಂದರೆ ವಾಶಿ. ಇದರಲ್ಲಿ ದುಡ್ಡು ಉಳಿಸಲು ಹೋಗಬೇಡಿ. ನಾರು ಉದ್ದವಾಗಿರುವುದರಿಂದ ಒದ್ದೆಯಾದಾಗಲೂ ಹತ್ತು ಸಲ ಉಜ್ಜಿದರೆ ಹರಿಯುವುದಿಲ್ಲ. ಕೊಳ್ಳುವಾಗ ಸೈಜಿಂಗ್ ಆದದ್ದೇ ಕೇಳಿ. ಪ್ರಾಣಿಮೂಲದ ಅಂಟು, ಪಟಿಕ ಹಾಕಿ ಲೇಪಿಸಿದ ಕಾಗದ ಅದು. ಲೇಪ ಇಲ್ಲದಿದ್ದರೆ ಬಣ್ಣ ಹರಡಿಕೊಂಡು ಹಿಮದ ಅಂಚು ಮಸುಕಾಗುತ್ತದೆ. ಅಭ್ಯಾಸಕ್ಕೆ ನೇಪಾಳದ ಲೋಕ್ತಾ ಕಾಗದ ಆಗಬಹುದು. ಬಣ್ಣದ ವಿಷಯದಲ್ಲಿ ನನ್ನ ಸಲಹೆ: ಬ್ಲೀಚ್ ಮಾಡಿದ ಅಚ್ಚ ಬಿಳಿ ಬೇಡ, ನಸು ಕೆನೆ ಬಣ್ಣದ್ದು ತೆಗೆದುಕೊಳ್ಳಿ. ನೀಲಿಯ ಪಕ್ಕ ಕೂತಾಗ ಅದೇ ಬಿಳಿಯಾಗಿ ಕಾಣುತ್ತದೆ, ಸಂಜೆ ಬೆಳಕೂ ಪುಕ್ಕಟೆ ಸಿಗುತ್ತದೆ.

ಉಳಿ: ಒಂದು ಓರೆ ಬಾಯಿಯ ಚಾಕು, ಒಂದು ಅಗಲ ಒಂದು ಸಣ್ಣ ಗುಂಡುಬಾಯಿ ಉಳಿ, ಒಂದು ಚಪ್ಪಟೆ ಉಳಿ. ಲಿನೋಲಿಯಂ ಕೆತ್ತುವ ಅಗ್ಗದ ಸೆಟ್ ಮರದ ಮೇಲೆ ಜಾರುತ್ತದೆ, ಬೆರಳಿಗೆ ಅಪಾಯ. ಸಾಣೆಕಲ್ಲು ಪಕ್ಕದಲ್ಲೇ ಇರಲಿ.

ಬಾರೆನ್: ಕಾಗದದ ಬೆನ್ನು ಉಜ್ಜುವ ದುಂಡನೆಯ ಬಿಲ್ಲೆ. ಒಳಗೆ ಬಿದಿರಿನ ಹೊದಿಕೆಯಿಂದ ಹೊಸೆದ ಹುರಿಯ ಸುರುಳಿ, ಹೊರಗೆ ಬಿದಿರಿನ ಹೊದಿಕೆ. ಅಸಲಿ ಬಾರೆನ್ ತುಂಬಾ ದುಬಾರಿ. ಕಲಿಯುವವರಿಗೆ ಮಾಡಿದ ಅಗ್ಗದ್ದು ಸಿಗುತ್ತದೆ, ಅದೇ ಸಾಕು. ಚಿಕ್ಕ ಜಾಗಕ್ಕೆ ಮರದ ಸೌಟಿನ ಬೆನ್ನೂ ಆಗುತ್ತದೆ.

ಬ್ರಶ್: ಕುದುರೆ ಕೂದಲಿನ ಶೂ ಪಾಲಿಶ್ ಬ್ರಶ್. ನಿಜವಾಗಿಯೂ. ಹೊಸದು ತಂದು ತುದಿಗಳನ್ನು ಮರಳು ಕಾಗದದ ಮೇಲೆ ಉಜ್ಜಿ ಮೆದು ಮಾಡಿ. ಜಪಾನಿನಲ್ಲಿ ಇದೇ ಕೆಲಸಕ್ಕೆ ಶಾರ್ಕ್ ಮೀನಿನ ಒಣ ಚರ್ಮ ಬಳಸುತ್ತಾರೆ. ಆಕಾಶಕ್ಕೆ ಅಗಲವಾದದ್ದು ಒಂದು, ಉಳಿದದ್ದಕ್ಕೆ ಚಿಕ್ಕವು ಮೂರ್ನಾಲ್ಕು.

ಬಣ್ಣ: ಟ್ಯೂಬಿನ ವಾಟರ್‌ಕಲರ್. ಪ್ರಷಿಯನ್ ಬ್ಲೂ, ಕಪ್ಪು, ಸ್ವಲ್ಪ ಕಂದು, ಸ್ವಲ್ಪ ಕೆಂಪು. ಪೋಸ್ಟರ್ ಕಲರ್ ಸುಣ್ಣದ ಹಾಗೆ ಮಂಕಾಗಿ ಕೂರುತ್ತದೆ. ಪ್ರಷಿಯನ್ ಬ್ಲೂ ಮಾತ್ರ ಬಿಡುವಂತಿಲ್ಲ. ಬರ್ಲಿನ್ನಿನಲ್ಲಿ ಹುಟ್ಟಿದ ಈ ನೀಲಿ 1830ರ ಆಸುಪಾಸಿನಲ್ಲಿ ಜಪಾನಿನ ಅಚ್ಚುಗಳಿಗೆ ದಂಡಿಯಾಗಿ ಬಂತು. ಹೊಕುಸಾಯ್, ಹಿರೋಶಿಗೆಯ ಆಳದ ಆಕಾಶ, ನೀರು ಎಲ್ಲ ಅದರ ಕೊಡುಗೆ. ತೆಳು ಮಾಡಿದರೂ ಸತ್ವ ಕಳೆದುಕೊಳ್ಳುವುದಿಲ್ಲ. ಹಿಮದ ನೆರಳಿಗೆ ಬೇಕಾದದ್ದು ಇದೇ ಗುಣ.

ಅಂಟು: ಒಂದು ಚಮಚ ಅಕ್ಕಿ ಹಿಟ್ಟಿಗೆ ಆರೇಳು ಚಮಚ ನೀರು ಕಲಸಿ, ಸಣ್ಣ ಉರಿಯಲ್ಲಿ ಗಂಟಾಗದಂತೆ ಕೈಯಾಡಿಸಿ. ಮಬ್ಬು ಹೋಗಿ ಹೊಳಪು ಬಂದಾಗ ಇಳಿಸಿ, ಸೋಸಿ. ಕಡೆದ ಮೊಸರಿನ ಹದ ಇರಬೇಕು. ಫ್ರಿಜ್‌ನಲ್ಲಿ ಮೂರ್ನಾಲ್ಕು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ.

ಚಿತ್ರವನ್ನು ಹಲಗೆಗೆ ಇಳಿಸುವುದು

ಗೆರೆಗಳನ್ನು ತೆಳ್ಳನೆಯ ಕಾಗದದ ಮೇಲೆ ನೀರಿಗೆ ಕರಗದ ಮಸಿಯಲ್ಲಿ ಬರೆಯಿರಿ. ಹಲಗೆಗೆ ತೆಳುವಾಗಿ ಅಂಟು ಸವರಿ, ಈ ಕಾಗದವನ್ನು ಮುಖ ಕೆಳಗೆ ಮಾಡಿ ಅಂಟಿಸಿ. ಹೀಗೆ ಚಿತ್ರ ಹಲಗೆಯಲ್ಲಿ ತಿರುಗುಮುರುಗಾಗುತ್ತದೆ, ಒತ್ತಿದಾಗ ನೆಟ್ಟಗೆ ಬರುತ್ತದೆ. ಅರ್ಧ ಒಣಗಿದಾಗ ಒದ್ದೆ ಬೆರಳಿನಿಂದ ಬೆನ್ನು ತಿಕ್ಕಿ ಕಾಗದದ ಮೇಲ್ಪದರ ಸಿಪ್ಪೆಯಂತೆ ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಒಂದು ಹನಿ ಎಣ್ಣೆ ಸವರಿದರೆ ಗೆರೆ ಸ್ಪಷ್ಟವಾಗಿ ಕಾಣುತ್ತದೆ.

ಇನ್ನೊಂದು ಕೆಲಸ ಇದರ ಜೊತೆಗೇ ಆಗಬೇಕು: ಕೆಂತೊ. ಕಾಗದ ಪ್ರತಿ ಸಲ ಅದೇ ಜಾಗಕ್ಕೆ ಕೂರಲು ಹಲಗೆಯಲ್ಲೇ ಕೆತ್ತುವ ಎರಡು ಗುರುತು. ಹಲಗೆ ನಿಮ್ಮ ಮುಂದೆ ಇರುವಾಗ ಬಲ ಕೆಳಮೂಲೆಯಲ್ಲಿ ಒಂದು 'ಎಲ್' ಆಕಾರದ ಮೂಲೆ, ಅದೇ ಕೆಳ ಅಂಚಿನಲ್ಲಿ ಎಡಕ್ಕೆ ಒಂದು ನೇರ ಗೆರೆ. ಚಿತ್ರದಿಂದ ಒಂದು ಸೆಂ.ಮೀ. ದೂರ ಇರಲಿ. ಒಂದು ಮಿ.ಮೀ. ಆಳ ಸಾಕು. ಕಾಗದದ ಮೂಲೆ ತಟ್ಟಿ ನಿಲ್ಲುವ ಗೋಡೆ ಮಾತ್ರ ಲಂಬವಾಗಿರಲೇಬೇಕು.

ಗೆರೆಯ ಹಲಗೆ ಕೆತ್ತಿ ಮುಗಿದ ಮೇಲೆ ಅದಕ್ಕೆ ಕಪ್ಪು ಹಚ್ಚಿ, ಕೆಂತೊ ಗುರುತಿಗೂ ಹಚ್ಚಿ, ತೆಳು ಕಾಗದಗಳ ಮೇಲೆ ಐದು ಪ್ರತಿ ತೆಗೆಯಿರಿ. ಒಂದೊಂದರಲ್ಲಿ ಒಂದೊಂದು ಬಣ್ಣದ ಜಾಗ ಗುರುತು ಮಾಡಿ ಉಳಿದ ಐದು ಮಗ್ಗುಲಿಗೆ ಮುಖ ಕೆಳಗಾಗಿ ಅಂಟಿಸಿ. ಕೆಂತೊ ಕೂಡ ಅಚ್ಚಾಗಿರುವುದರಿಂದ ಎಲ್ಲ ಹಲಗೆ ಒಂದಕ್ಕೊಂದು ಹೊಂದುತ್ತವೆ. ಸ್ಕೇಲ್ ಹಿಡಿದು ಅಳೆದು ಕೆಂತೊ ಹಾಕುವವರಿದ್ದಾರೆ. ಆರನೇ ಮಗ್ಗುಲಿನ ಹೊತ್ತಿಗೆ ಎರಡು ಮಿ.ಮೀ. ಆಚೀಚೆ ಆಗಿರುತ್ತದೆ. ಹಿಮದ ಚಿತ್ರದಲ್ಲಿ ಎರಡು ಮಿ.ಮೀ. ಅಂದರೆ ಕೊಂಬೆಯ ಮೇಲಿನ ಹಿಮವೇ ಮಾಯ.

ಕೆತ್ತನೆ

ಚಾಕುವನ್ನು ಗೆರೆಯಿಂದ ಹೊರಕ್ಕೆ ಸ್ವಲ್ಪ ವಾಲಿಸಿ ಹಿಡಿಯಿರಿ. ಗೆರೆಯ ಬುಡ ಅಗಲವಾಗಿ, ತುದಿ ಸಣ್ಣದಾಗಿ ಉಳಿಯಬೇಕು. ಮೊದಲು ಗೆರೆಯ ಪಕ್ಕ ಒಂದು ಸೀಳು. ಆಮೇಲೆ ಎರಡು ಮಿ.ಮೀ. ಆಚೆ ಎದುರು ದಿಕ್ಕಿಗೆ ವಾಲಿಸಿ ಇನ್ನೊಂದು. ನಡುವಿನ ಎಳೆ ತಾನಾಗೇ ಎದ್ದು ಬರುತ್ತದೆ. ಚಾಕುವಿನಲ್ಲಿ ಎಲ್ಲ ಅಂಚೂ ಕಡಿದಾದ ಮೇಲೆಯೇ ಉಳಿ ಎತ್ತಿ.

ಶಿಖರದ ಏಣು ಈ ಇಡೀ ಕೆಲಸದ ಪ್ರಾಣ. ಅದು ಆಕಾಶದ ಹಲಗೆಯ ಕೆಳ ಅಂಚು. ಅಲ್ಲಿಂದ ಕೆಳಗೆ ಏನೂ ಒತ್ತದಿರುವುದರಿಂದ ಆ ಅಂಚೇ ಬೆಟ್ಟವನ್ನು ಬರೆಯುತ್ತದೆ. ಒಂದೇ ಓಟದಲ್ಲಿ ನಯವಾಗಿ ಕಡಿಯಬೇಡಿ. ಗಾಳಿಗೆ ಹಿಮ ಗುಡ್ಡೆಯಾದ ಕಡೆ ಅಂಚು ದುಂಡಗೆ, ಬಂಡೆ ಕಾಣುವ ಕಡೆ ಚೂಪಾಗಿ, ಒಂದೆರಡು ಕಡೆ ಮುರಿದ ಹಾಗೆ. ಸಣ್ಣಗೆ ಕಡಿಯುವಾಗ ಹಲಗೆ ತಿರುಗಿಸಿ, ಕೈ ತಿರುಗಿಸಬೇಡಿ.

ಹಿಮದ ಜಾಗ ದೊಡ್ಡದು, ಅಷ್ಟನ್ನೂ ತೆಗೆಯಬೇಕಲ್ಲ ಅಂತ ಗಾಬರಿ ಬೇಡ. ಬಣ್ಣ ಹಚ್ಚುವ ಜಾಗದ ಸುತ್ತ ಎರಡು ಮೂರು ಸೆಂ.ಮೀ. ಅಗಲ ತೆಗೆದರೆ ಸಾಕು. ಅದರಾಚೆ ಬ್ರಶ್ ಹೋಗುವುದೇ ಇಲ್ಲ. ತೆಗೆದ ಕಡೆ ಆಳ ಮಾತ್ರ ಚೆನ್ನಾಗಿರಲಿ. ಗೆರೆಯ ಹತ್ತಿರ ಒಂದೂವರೆ ಮಿ.ಮೀ., ದೂರ ಹೋದಂತೆ ಮೂರು. ಒದ್ದೆ ಕಾಗದ ಜೋಲುತ್ತದೆ. ಆಳ ಕಡಿಮೆಯಾದರೆ ತಳಕ್ಕೆ ತಾಗಿ ಹಿಮದ ಮೇಲೆ ನೀಲಿ ಮಚ್ಚೆ ಬೀಳುತ್ತದೆ. ಮಾಮೂಲಿ ಚಿತ್ರದಲ್ಲಿ ಅಂಥ ಮಚ್ಚೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಅದೇ ಮೊದಲು ಕಾಣುತ್ತದೆ.

ನೆರಳಿನ ಹಲಗೆಗೆ ಒಂದು ಉಪಾಯ ಇದೆ. ಹಿಮದ ನೆರಳಿಗೆ ಒಂದು ಕಡೆ ಗಟ್ಟಿ ಅಂಚು, ಇನ್ನೊಂದು ಕಡೆ ಕರಗುವ ಅಂಚು ಬೇಕು. ಕರಗುವ ಕಡೆ ಚಾಕುವಿನಿಂದ ಕಡಿಯದೆ ಚಪ್ಪಟೆ ಉಳಿಯಿಂದ ಇಳಿಜಾರಾಗಿ ಹೆರೆದು ಮರಳು ಕಾಗದ ಉಜ್ಜಿ. ಒತ್ತಿದಾಗ ಬಣ್ಣ ಅಲ್ಲಿ ತಾನಾಗೇ ಮಸುಕಾಗುತ್ತದೆ. ಜಪಾನಿಯರು ಇದಕ್ಕೆ ಇತಾ-ಬೋಕಾಶಿ ಅನ್ನುತ್ತಾರೆ.

ಪೈನ್ ಕಾಡಿನ ಹಲಗೆಯಲ್ಲಿ ಮರಗಳನ್ನು ಒಂದೊಂದಾಗಿ ಬಿಡಿಸಬೇಡಿ. ಕಪ್ಪು ರಾಶಿಯಾಗಿ ಬಿಟ್ಟು, ಕೊಂಬೆಗಳ ಮೇಲೆ ಹಿಮ ಕೂತ ಕಡೆ ಸಣ್ಣ ಗುಂಡುಬಾಯಿ ಉಳಿಯಿಂದ ಚಿಕ್ಕ ಚಿಕ್ಕ ಗೀರು ತೆಗೆಯಿರಿ. ಮೇಲೆ ಜಾಸ್ತಿ, ಬುಡದಲ್ಲಿ ಕಡಿಮೆ. ಸಂಶಯ ಬಂದಲ್ಲಿ ಬಿಟ್ಟುಬಿಡಿ. ಪ್ರಯೋಗದ ಪ್ರತಿ ತೆಗೆದ ಮೇಲೂ ಇನ್ನಷ್ಟು ತೆಗೆಯಬಹುದು, ತೆಗೆದದ್ದನ್ನು ಹಾಕಲಾಗುವುದಿಲ್ಲ.

ಕಾಗದ ನೆನೆಸುವುದು

ಒತ್ತುವ ಹಿಂದಿನ ಸಂಜೆ. ಕಾಗದವನ್ನು ಚಿತ್ರಕ್ಕಿಂತ ಸುತ್ತ ಎರಡು ಸೆಂ.ಮೀ. ದೊಡ್ಡದಾಗಿ ಕತ್ತರಿಸಿ. ಕೆಂತೊಗೆ ಕೂರುವ ಮೂಲೆ ಸರಿಯಾಗಿ 90 ಡಿಗ್ರಿ ಇರಲಿ. ಆ ಮೂಲೆಗೆ ಬೆನ್ನಲ್ಲಿ ಪೆನ್ಸಿಲ್ ಗುರುತು ಹಾಕಿ. ಅಚ್ಚಾಗದ ನ್ಯೂಸ್‌ಪ್ರಿಂಟ್ ಹಾಳೆಗಳನ್ನು ಅಗಲ ಬ್ರಶ್ಶಿನಿಂದ ಒದ್ದೆ ಮಾಡಿ, ಒಂದು ಒದ್ದೆ ಹಾಳೆ, ಎರಡು ವಾಶಿ, ಮತ್ತೆ ಒಂದು ಒದ್ದೆ ಹಾಳೆ, ಹೀಗೆ ಪೇರಿಸಿ. ಪ್ಲಾಸ್ಟಿಕ್‌ನಲ್ಲಿ ಸುತ್ತಿ ಮೇಲೊಂದು ಹಲಗೆ ಇಡಿ. ಬೆಳಿಗ್ಗೆ ವಾಶಿಯನ್ನು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿರಬೇಕು, ಒದ್ದೆ ಹತ್ತಬಾರದು. ಮೇಲೆ ನೀರಿನ ಹೊಳಪು ಕಂಡರೆ ಜಾಸ್ತಿಯಾಗಿದೆ ಅಂತ.

ಬೆಂಗಳೂರಿನ ಮಾರ್ಚ್ ತಿಂಗಳ ಒಣ ಹವೆಯಲ್ಲಿ ಕಾಗದ ಕೈಯಲ್ಲಿರುವಾಗಲೇ ಒಣಗುತ್ತದೆ. ಫ್ಯಾನ್ ಆರಿಸಿ, ಬೆಳಗಿನ ಹೊತ್ತೇ ಕೂರಿ. ಮಂಗಳೂರಿನ ಮಳೆಗಾಲದಲ್ಲಿ ತಕರಾರು ಉಲ್ಟಾ, ನೆನೆಸಿಟ್ಟ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಒಂದು ದಿನದಲ್ಲಿ ಮುಗಿಯದಿದ್ದರೆ ಇಡೀ ಕಟ್ಟನ್ನು ಪ್ಲಾಸ್ಟಿಕ್ ಸಮೇತ ಫ್ರೀಜರ್‌ಗೆ ಹಾಕಿ. ಮನೆಯವರಿಗೆ ಮೊದಲೇ ಹೇಳಿಡಿ.

ಒತ್ತುವುದು

ಹಲಗೆಯ ಕೆಳಗೆ ಒದ್ದೆ ಬಟ್ಟೆ ಹಾಸಿ, ಜಾರಬಾರದು. ಹಲಗೆಯನ್ನೂ ಒಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಬಣ್ಣದ ಒಂದೆರಡು ಹನಿ, ಅಂಟಿನ ಬಟಾಣಿಯಷ್ಟು ಗುಡ್ಡೆ ಹಲಗೆಯ ಮೇಲೇ ಇಟ್ಟು ಬ್ರಶ್ಶಿನಿಂದ ಉಜ್ಜಿ ಬೆರೆಸಿ. ಕೊನೆಯ ಎಳೆತ ಹಗುರವಾಗಿ, ಒಂದೇ ದಿಕ್ಕಿಗೆ. ಹಲಗೆ ಮೇಲೆ ಬಣ್ಣ ನಿಂತಿರಬಾರದು, ಪಸೆ ಮಾತ್ರ ಇರಬೇಕು. ಕಾಗದದ ಮೂಲೆಯನ್ನು ಬಲಗೈಯಿಂದ ಕೆಂತೊ ಮೂಲೆಗೆ, ಅಂಚನ್ನು ಎಡಗೈಯಿಂದ ನೇರ ಗುರುತಿಗೆ ಕೂರಿಸಿ ನಿಧಾನವಾಗಿ ಬಿಡಿ. ಬಾರೆನ್ನಿನಿಂದ ಬೆನ್ನು ಉಜ್ಜಿ, ಭುಜದ ತೂಕ ಬಿಟ್ಟು. ಎತ್ತಿ.

ಮೊದಲ ನಾಲ್ಕೈದು ಪ್ರತಿ ಹಾಳಾಗುವುದು ಖಾತ್ರಿ. ಹಲಗೆ ನೀರು ಕುಡಿದು ಹದಕ್ಕೆ ಬರಬೇಕು. ಅಗ್ಗದ ಕಾಗದದಲ್ಲಿ ಅವನ್ನು ತೆಗೆದುಬಿಡಿ.

ಮೊದಲು ಗೆರೆ, ಕಪ್ಪಿಗೆ ನೀಲಿ ಬೆರೆಸಿದ ಬೂದು ಬಣ್ಣದಲ್ಲಿ. ಅಚ್ಚ ಕಪ್ಪು ಹಿಮದ ಪಕ್ಕ ಕಿರುಚುತ್ತದೆ. ಆಮೇಲೆ ತಿಳಿ ನೆರಳು. ಪ್ರಷಿಯನ್ ಬ್ಲೂಗೆ ಚೂರು ಕಪ್ಪು, ತುಂಬಾ ನೀರು. ಅಂಗೈ ಮೇಲೆ ಹಚ್ಚಿದರೆ ಕಂಡೂ ಕಾಣದಷ್ಟು. ಅದನ್ನು ಎರಡು ಸಲ ಒತ್ತಿ, ಎರಡನೇ ಸಲ ಕಣಿವೆಯ ಮಡಿಕೆಗಳಿಗೆ ಮಾತ್ರ ಬಣ್ಣ ಹಚ್ಚಿ. ಒಂದೇ ಹಲಗೆಯಲ್ಲಿ ಎರಡು ನೆರಳು ಸಿಕ್ಕಿತು. ನಂತರ ಬಂಡೆ ಒಂದು ಸಲ, ಕಾಡು ಎರಡು ಸಲ. ಚಿಕ್ಕ ಜಾಗ ಮೊದಲು, ದೊಡ್ಡ ಜಾಗ ಕೊನೆಗೆ ಎಂಬುದು ಒಳ್ಳೆಯ ರೂಢಿ. ದೊಡ್ಡ ಜಾಗ ಒತ್ತಿದಾಗ ಕಾಗದ ಹಿಗ್ಗುತ್ತದೆ, ಆಮೇಲೆ ಸಣ್ಣ ಗೆರೆ ಹೊಂದಿಸುವುದು ಕಷ್ಟ.

ಆಕಾಶದ ಬೋಕಾಶಿ

ಇಲ್ಲಿ ನಿಧಾನವಾಗಿ ಓದಿ. ಗಾಢದಿಂದ ತಿಳಿಗೆ ಕರಗುವ ಬಣ್ಣವೇ ಬೋಕಾಶಿ. ಜಪಾನಿ ಅಚ್ಚಿನ ಹಿಮ ನಿಂತಿರುವುದು ಇದರ ಮೇಲೆ.

ನಮ್ಮ ಆಕಾಶದಲ್ಲಿ ಗಾಢ ನೀಲಿ ಮೇಲಂಚಿನಲ್ಲಿ ಇರಬೇಕು. ಹಾಗೆ ಬಿಟ್ಟರೆ ಏಣಿನ ಹತ್ತಿರ ಆಕಾಶ ಖಾಲಿಯಾಗುತ್ತದೆ, ಹಿಮವೂ ಖಾಲಿ, ಎರಡೂ ಬೆರೆತು ಶಿಖರ ಕರಗಿಹೋಗುತ್ತದೆ. ಅದಕ್ಕೆ ಮೊದಲ ಒತ್ತಿನಲ್ಲಿ ಇಡೀ ಆಕಾಶಕ್ಕೆ ಸಮನಾಗಿ ತಿಳಿ ನೀಲಿಬೂದು ಒತ್ತಿ. ಈಗಲೇ ಶಿಖರ ಎದ್ದು ನಿಲ್ಲುತ್ತದೆ.

ಎರಡನೇ ಒತ್ತು ಬೋಕಾಶಿ. ಹಲಗೆಯ ಆಕಾಶದ ಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹನಿ ನಿಲ್ಲದಿರಲಿ. ಅಗಲ ಬ್ರಶ್ ಪೂರ್ತಿ ಒದ್ದೆ ಮಾಡಿ ಚೆನ್ನಾಗಿ ಕೊಡವಿ. ಈಗ ಬ್ರಶ್ಶಿನ ಒಂದು ತುದಿಗೆ ಮಾತ್ರ ಗಾಢ ಪ್ರಷಿಯನ್ ಬ್ಲೂ ತಾಗಿಸಿ. ಹಲಗೆಯ ಮೇಲಂಚಿನಲ್ಲಿ ಸ್ವಲ್ಪ ಅಂಟು ಇಡಿ. ಬಣ್ಣದ ತುದಿ ಮೇಲಂಚಿಗೆ, ನೀರಿನ ತುದಿ ಶಿಖರದ ಕಡೆಗೆ ಇಟ್ಟು, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಎಳೆಯಿರಿ. ಬ್ರಶ್ ಕೆಳಗೆ ಇಳಿಯಬಾರದು, ಓಡಾಟ ಅಡ್ಡಡ್ಡವೇ. ಎಳೆಯುತ್ತ ಎಳೆಯುತ್ತ ಬಣ್ಣ ಬ್ರಶ್ಶಿನ ಕೂದಲಿನೊಳಗೇ ಒಂದು ತುದಿಯಿಂದ ಇನ್ನೊಂದಕ್ಕೆ ಹರಿದು ಕರಗುತ್ತದೆ. ಹಲಗೆ ಮೇಲೆ ಗಾಢ ಮತ್ತು ತಿಳಿಯ ನಡುವೆ ಪಟ್ಟೆ ಕಂಡರೆ ಇನ್ನೊಂದೆರಡು ಎಳೆತ. ಬ್ರಶ್ ತಿರುಗಿಸಿ ಹಿಡಿದುಬಿಟ್ಟರೆ ನೀರಿನ ಕಡೆ ಬಣ್ಣ ಹತ್ತುತ್ತದೆ, ಆದ್ದರಿಂದ ಹಿಡಿಯ ಒಂದು ತುದಿಗೆ ಟೇಪ್ ಸುತ್ತಿಡಿ.

ಕಾಗದ ಕೂರಿಸಿ ಬಾರೆನ್ ಉಜ್ಜಿ. ಕೆಳಗೆ ಏಣಿನ ಹತ್ತಿರ ಹಗುರವಾಗಿ, ಮೇಲಂಚಿನಲ್ಲಿ ಜೋರಾಗಿ. ಎತ್ತಿ ನೋಡಿದಾಗ ತೆಳು ಅನ್ನಿಸಬಹುದು. ಬಣ್ಣ ಗಟ್ಟಿ ಮಾಡಬೇಡಿ, ಇನ್ನೊಮ್ಮೆ ಅದೇ ಒತ್ತು ಕೊಡಿ, ಈ ಸಲ ಇನ್ನೂ ಕಡಿಮೆ ಅಗಲದಲ್ಲಿ. ತೆಳು ಬಣ್ಣ ಎರಡು ಸಲ ಕೂತಾಗ ಬರುವ ಆಳ, ಗಟ್ಟಿ ಬಣ್ಣ ಒಂದು ಸಲ ಕೂತರೆ ಬರುವುದಿಲ್ಲ. ಪ್ರತಿ ಪ್ರತಿಯ ನಡುವೆ ಹಲಗೆಯ ತಿಳಿ ಭಾಗವನ್ನು ಒರೆಸುವುದು ಮರೆಯಬೇಡಿ. ಬಣ್ಣ ಮೆಲ್ಲಗೆ ಕೆಳಗೆ ಜಾರುತ್ತ ಬಂದು ಹತ್ತನೇ ಪ್ರತಿಯ ಹೊತ್ತಿಗೆ ಸಂಜೆ ಹೋಗಿ ಅಮಾವಾಸ್ಯೆ ಆಗಿರುತ್ತದೆ.

ಬಾರೆನ್ನಿನ ಸುತ್ತು ಗುರುತು ಆಕಾಶದಲ್ಲಿ ಕಂಡರೆ ತಪ್ಪು ಅಂದುಕೊಳ್ಳಬೇಕಿಲ್ಲ. ಹಸುಯಿ ಕಾಲದ ಮುದ್ರಕರು ಆಕಾಶದಲ್ಲಿ ಅದನ್ನು ಬೇಕೆಂದೇ ಬಿಡುತ್ತಿದ್ದದ್ದುಂಟು.

ಬೀಳುವ ಹಿಮ ಬೇಕೇ?

ಬೇಕಾದರೆ ಎರಡು ದಾರಿ. ಒಂದು, ಆಕಾಶ ಮತ್ತು ಕಾಡಿನ ಹಲಗೆಗಳಲ್ಲೇ ಚುಕ್ಕೆಗಳನ್ನು ಕೆತ್ತಿ ತೆಗೆಯುವುದು. ಹಲವು ಬಣ್ಣ ಒಂದರ ಮೇಲೊಂದು ಬೀಳುವ ಕಡೆ ಅದೇ ಚುಕ್ಕೆ ಎಲ್ಲ ಹಲಗೆಯಲ್ಲೂ ಅದೇ ಜಾಗದಲ್ಲಿ ಇರಬೇಕು. ಕೆಂತೊ ಚೆನ್ನಾಗಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಎರಡನೆಯದು, ಎಲ್ಲ ಒತ್ತು ಮುಗಿದ ಮೇಲೆ ಚಿಪ್ಪಿನ ಪುಡಿಯ ಬಿಳಿ ಬಣ್ಣ, ಅಂದರೆ ಗೊಫುನ್, ಬ್ರಶ್ಶಿನಿಂದ ಚಿಮುಕಿಸುವುದು. ಅದರ ಬದಲು ಬಿಳಿ ಗುವಾಶ್ (ಪಾರದರ್ಶಕವಲ್ಲದ ದಪ್ಪ ವಾಟರ್‌ಕಲರ್) ಆಗುತ್ತದೆ. ಚಿಮುಕಿಸುವಾಗ ಹಿಮದ ಜಾಗಕ್ಕೆ ಕಾಗದ ಮುಚ್ಚಿಡಿ, ಇಲ್ಲದಿದ್ದರೆ ಕೆನೆ ಬಣ್ಣದ ಕಾಗದದ ಮೇಲೆ ತಣ್ಣನೆ ಬಿಳಿ ಚುಕ್ಕೆ ಕೊಳೆಯ ಹಾಗೆ ಕಾಣುತ್ತದೆ. ನನ್ನ ಕೇಳಿದರೆ, ಮೊದಲ ಚಿತ್ರಕ್ಕೆ ಇದು ಬೇಡ. ಹಿಮ ಬಿದ್ದು ನಿಂತ ಮೇಲಿನ ಬೆಟ್ಟವೇ ಸಾಕು.

ಉಬ್ಬು ಒತ್ತು

ಆರನೇ ಮಗ್ಗುಲು ಕರಾಜುರಿಗೆ, ಅಂದರೆ ಬಣ್ಣ ಇಲ್ಲದ ಉಬ್ಬು ಒತ್ತಿಗೆ. ಮುಂಭಾಗದ ಹಿಮದ ಗುಡ್ಡೆ, ಸೂರಿನ ಅಂಚು, ಇಂಥ ಒಂದೆರಡು ಗೆರೆಗಳನ್ನು ಹಳ್ಳವಾಗಿ ಕೆತ್ತಿ. ಬಣ್ಣ ಹಚ್ಚಬೇಡಿ. ಒದ್ದೆ ಕಾಗದ ಕೂರಿಸಿ, ಮೇಲೊಂದು ತೆಳು ಬಟ್ಟೆ ಹಾಕಿ, ಚಮಚದ ಬೆನ್ನಿನಿಂದ ಹಳ್ಳದೊಳಗೆ ಒತ್ತಿ. ಹಳೆಯ ಮುದ್ರಕರು ಮೊಣಕೈಯನ್ನೂ ಬಳಸುತ್ತಿದ್ದರು. ಕಾಗದ ಉಬ್ಬಿ, ಓರೆ ಬೆಳಕಿನಲ್ಲಿ ಹಿಮಕ್ಕೆ ಮೈ ಬಂದ ಹಾಗೆ ಕಾಣುತ್ತದೆ. ಇದು ಕಟ್ಟಕಡೆಗೇ ಆಗಬೇಕು. ಇದರ ಮೇಲೆ ಬಾರೆನ್ ಓಡಿದರೆ ಉಬ್ಬು ಸಪಾಟಾಗುತ್ತದೆ.

ಎಲ್ಲಿ ಕೆಡುತ್ತದೆ

ಬಣ್ಣ ಎಳ್ಳು ಚೆಲ್ಲಿದ ಹಾಗೆ ಚುಕ್ಕೆಯಾದರೆ ಅಂಟು ಕಡಿಮೆ ಅಥವಾ ಕಾಗದ ಒಣಗಿದೆ. ಅಂಚಿನಲ್ಲಿ ಬಣ್ಣ ಗಟ್ಟಿಕಟ್ಟಿದರೆ ಹಲಗೆ ಮೇಲೆ ಬಣ್ಣ ಜಾಸ್ತಿ. ಬಣ್ಣ ಎಳೆ ಬಿಚ್ಚಿ ಹರಡಿದರೆ ಕಾಗದ ತೀರಾ ಒದ್ದೆ, ಇಲ್ಲವೇ ಸೈಜಿಂಗ್ ಸಾಲದು. ಮೊದಲ ಒತ್ತು ಸರಿಯಿದ್ದು ಆರನೆಯದು ಸರಿದಿದ್ದರೆ ನಡುವೆ ಕಾಗದ ಒಣಗಿ ಕುಗ್ಗಿದೆ. ಮತ್ತೆ ಒದ್ದೆ ಹಾಳೆಗಳ ನಡುವೆ ಒಂದು ಗಂಟೆ ಇಟ್ಟರೆ ಹಿಗ್ಗಿ ಹೊಂದಿಕೊಳ್ಳುತ್ತದೆ. ಹಿಮದ ಮೇಲೆ ಹೆಬ್ಬೆಟ್ಟಿನ ಗುರುತು ಬಿದ್ದರೆ ಏನೂ ಮಾಡುವ ಹಾಗಿಲ್ಲ. ಮಡಚಿದ ಕಾಗದದ ಎರಡು ತುಂಡು ಇಟ್ಟುಕೊಂಡು ಅದರಲ್ಲೇ ಕಾಗದದ ಅಂಚು ಹಿಡಿಯುವುದು ರೂಢಿ ಮಾಡಿಕೊಳ್ಳಿ.

ಒಣಗಿಸುವುದು, ಹಲಗೆ ಎತ್ತಿಡುವುದು

ಮುಗಿದ ಪ್ರತಿಗಳನ್ನು ಒಣ ರಟ್ಟುಗಳ ನಡುವೆ ಇಟ್ಟು ಮೇಲೆ ಹಗುರ ಭಾರ ಹೇರಿ. ರಟ್ಟನ್ನು ಕೆಲವು ಗಂಟೆಗೊಮ್ಮೆ ಬದಲಿಸಿ. ಉಬ್ಬು ಒತ್ತಿದ ಪ್ರತಿಗಳಿಗೆ ಭಾರ ಬೇಡ, ಅಂಚುಗಳನ್ನು ಟೇಪ್‌ನಿಂದ ಹಲಗೆಗೆ ಬಿಗಿದು ಬಿಡಿ. ಬಿಸಿಲಿಗೆ ಹಾಕಬಾರದು.

ಹಲಗೆಗಳನ್ನು ಎಸೆಯಬೇಡಿ. ಯೋಶಿದಾ 1926ರಲ್ಲಿ ಹಾಯಿದೋಣಿಗಳ ಒಂದೇ ಚಿತ್ರವನ್ನು ಬಣ್ಣ ಬದಲಿಸಿ ಬೆಳಗು, ಮಧ್ಯಾಹ್ನ, ಮಂಜು, ರಾತ್ರಿ ಅಂತ ಬೇರೆ ಬೇರೆ ಹೊತ್ತಿಗೆ ಅಚ್ಚು ಹಾಕಿದ್ದ. ನಿಮ್ಮ ಬೆಟ್ಟಕ್ಕೂ ಇದು ಆಗುತ್ತದೆ. ಏಣಿನ ಹತ್ತಿರ ತಿಳಿ ಕೆಂಪಿನ ಬೋಕಾಶಿ ಕೆಳಗಿಂದ ಮೇಲಕ್ಕೆ ಕೊಟ್ಟು, ನೆರಳಿಗೆ ಚೂರು ನೇರಳೆ ಬೆರೆಸಿದರೆ ಅದೇ ಬೆಟ್ಟಕ್ಕೆ ಬೆಳಗಾಗುತ್ತದೆ. ಹಲಗೆಗಳನ್ನು ಸೋಪಿಲ್ಲದೆ ಬರೀ ನೀರಿನ ಬಟ್ಟೆಯಲ್ಲಿ ಒರೆಸಿ, ಉಳಿದ ಅಂಟು ಹೋಗುವವರೆಗೆ ಬ್ರಶ್ಶಿನಿಂದ ತಿಕ್ಕಿ. ಅಂಟು ಉಳಿದರೆ ಬೂಷ್ಟು ಬರುತ್ತದೆ, ಜಿರಳೆಗೂ ಅದು ಇಷ್ಟ. ನೆರಳಲ್ಲಿ ನಿಲ್ಲಿಸಿ ಎರಡೂ ಮಗ್ಗುಲು ಒಣಗಿಸಿ. ಮಲಗಿಸಿ ಒಣಗಿಸಿದರೆ ಪ್ಲೈವುಡ್ ಬಾಗುತ್ತದೆ. ಮೂರನ್ನೂ ನಡುವೆ ರಟ್ಟು ಕೊಟ್ಟು ಕಟ್ಟಿ, ಯಾವ ಮಗ್ಗುಲಿಗೆ ಯಾವ ಬಣ್ಣ, ಎಷ್ಟು ನೀರು ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡಿ.